ನೋವು ನಿಂತಿತು, ಕಲ್ಲು ಅಲ್ಲೇ ಇತ್ತು

ಬೆಳಗಿನ ಜಾವ ಮೂರೂವರೆ ಇರಬೇಕು. ಎಡಗಡೆ ಸೊಂಟದ ಮೇಲೆ, ಪಕ್ಕೆಲುಬು ಮುಗಿಯುವ ಜಾಗದಲ್ಲಿ, ಯಾರೋ ಒಳಗೆ ಕೈ ಹಾಕಿ ಹಿಂಡಿದ ಹಾಗಾಗಿ ಎಚ್ಚರವಾಯಿತು. ಮಲಗಿದ್ದು ಸರಿಯಾಗಿರಲಿಲ್ಲ ಅಂದುಕೊಂಡು ಮಗ್ಗುಲು ಬದಲಿಸಿದೆ. ಹೋಗಲಿಲ್ಲ. ಎದ್ದು ಕೂತೆ. ನಿಂತೆ. ಓಡಾಡಿದೆ. ಗೋಡೆಗೆ ಹಣೆ ಆನಿಸಿ ನಿಂತೆ. ನೆಲದ ಮೇಲೆ ಮೊಣಕಾಲೂರಿ ಮುದುಡಿಕೊಂಡೆ. ಹೇಗಿದ್ದರೂ ಅದಕ್ಕೆ ಸಮಾಧಾನವಿಲ್ಲ. ಕಾಲು ಗಂಟೆಯಲ್ಲಿ ಮೈಯೆಲ್ಲ ಬೆವರು. ಆಮೇಲೆ ವಾಂತಿ.

ಹೆಂಡತಿ ಎದ್ದು ಲೈಟ್ ಹಾಕಿದಳು. "ಏನ್ರೀ, ಎದೆ ನೋವಾ?"

"ಅಲ್ಲ ಕಣೇ, ಗ್ಯಾಸ್ ಅನ್ಸುತ್ತೆ."

"ಗ್ಯಾಸ್‌ಗೆ ಯಾರಾದ್ರೂ ಹೀಗೆ ನೆಲದ ಮೇಲೆ ಹೊರಳಾಡ್ತಾರಾ?"

ಒಳ್ಳೆಯ ಪ್ರಶ್ನೆಯೇ. ಆದರೆ ಉತ್ತರ ಹುಡುಕುವ ಮೊದಲೇ ನೋವು ಇಳಿಯತೊಡಗಿತು. ಬೆಳಗಾಗುವಷ್ಟರಲ್ಲಿ ಮಾಯ. ನಾನು ಸ್ನಾನ ಮಾಡಿ ಕೆಲಸಕ್ಕೆ ಹೋದೆ! ಈಗ ನೆನೆಸಿಕೊಂಡರೆ ನನ್ನ ಮೇಲೇ ಸಿಟ್ಟು ಬರುವುದು ಇಲ್ಲಿಗೇ. ಕಿಡ್ನಿ ಸ್ಟೋನ್ ಅಂದ ತಕ್ಷಣ ಎಲ್ಲರೂ ಅದರ ನೋವಿನ ಕತೆ ಹೇಳುತ್ತಾರೆ. ನೋವು ಭಯಂಕರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನ ಎರಡು ತಿಂಗಳಲ್ಲಿ ನಾನು ಮೋಸ ಹೋದದ್ದೆಲ್ಲ ನೋವಿಲ್ಲದ ದಿನಗಳಲ್ಲೇ.

ನಾಲ್ಕು ದಿನ ಬಿಟ್ಟು ಮತ್ತೆ ಬಂತು. ಈ ಸಲ ಹಾಡಹಗಲೇ. ಒಂದು ಕ್ಲಿನಿಕ್‌ಗೆ ಹೋದೆ. ಹೊಟ್ಟೆ ಒತ್ತಿ ನೋಡಿದರು, ಗ್ಯಾಸ್ಟ್ರಿಕ್ ಅಂದರು, ಇಂಜೆಕ್ಷನ್ ಕೊಟ್ಟು ಕಳಿಸಿದರು. ಯೂರಿನ್ ಟೆಸ್ಟ್ ಮಾಡಿಸಲಿಲ್ಲ. ಅವರನ್ನು ದೂರೋಣ ಅಂದರೆ ಸ್ವಲ್ಪ ಹಿಂಜರಿಕೆ. ಯಾಕೆಂದರೆ ಒಳಗೆ ಕಾಲಿಟ್ಟವನೇ "ಗ್ಯಾಸ್ಟ್ರಿಕ್ ಜಾಸ್ತಿ ಆಗಿದೆ ಡಾಕ್ಟ್ರೇ" ಅಂತ ರೋಗದ ಹೆಸರನ್ನು ನಾನೇ ಹೇಳಿದ್ದೆ. ಪಕ್ಕೆಯ ನೋವು ಹೇಳುವ ಮೊದಲು ವಾಂತಿ ಹೇಳಿದ್ದೆ. ದಾರಿ ತಪ್ಪಿಸಿದ್ದು ಆ ವಾಂತಿಯೇ. ಕಿಡ್ನಿಗೆ ಹೋಗುವ ನರಗಳೂ ಹೊಟ್ಟೆ, ಕರುಳಿಗೆ ಹೋಗುವ ನರಗಳೂ ಹೊಟ್ಟೆಯ ಹಿಂಭಾಗದಲ್ಲಿ ಒಂದೇ ಗಂಟಿನಲ್ಲಿ ಸೇರುತ್ತವೆ. ಹಾಗಾಗಿ ಕಿಡ್ನಿಗೆ ಏನಾದರೂ ಆದರೆ ಹೊಟ್ಟೆಯೂ ತೊಳಸುತ್ತದೆ. ಊಟಕ್ಕೂ ಅದಕ್ಕೂ ಸಂಬಂಧವೇ ಇರುವುದಿಲ್ಲ.

ಮೂರನೇ ಸಲ ಬಂದಾಗ ರಾತ್ರಿ ಹನ್ನೊಂದು. ಹೆಂಡತಿ ನನ್ನ ಮಾತು ಕೇಳದೆ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋದಳು. ಅಲ್ಲಿದ್ದ ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ನಾನು ಬಾಯಿ ತೆರೆಯುವ ಮೊದಲೇ ಒಂದು ನಿಮಿಷ ಸುಮ್ನೆ ನೋಡಿದರು. ಮಂಚದ ಮೇಲೆ ಕೂರುತ್ತೇನೆ, ಏಳುತ್ತೇನೆ, ಬಗ್ಗುತ್ತೇನೆ, ಮತ್ತೆ ಏಳುತ್ತೇನೆ.

"ನೀವು ಒಂದು ಕಡೆ ನಿಲ್ತಾನೇ ಇಲ್ವಲ್ಲ" ಅಂದರು.

ಇದು ಒಂದು ಲಕ್ಷಣ ಅಂತ ನನಗೆ ಗೊತ್ತೇ ಇರಲಿಲ್ಲ. ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆಲ್ಲ ಸೋಂಕು ಹರಡಿದವರು ಅಲುಗಾಡದೆ ಮಲಗಿರುತ್ತಾರಂತೆ. ಸ್ವಲ್ಪ ಮಿಸುಕಿದರೂ ಅವರಿಗೆ ನೋವು ಏರುತ್ತದೆ. ಕಲ್ಲಿನವರದ್ದು ಇದಕ್ಕೆ ಪೂರ್ತಿ ಉಲ್ಟಾ. ಹೇಗೆ ಮಲಗಿದರೂ ನೋವು ಅಷ್ಟೇ ಇರುವುದರಿಂದ ಮೈ ತಾನಾಗಿಯೇ ಹೊಸ ಭಂಗಿ ಹುಡುಕುತ್ತಿರುತ್ತದೆ. ಆಮೇಲೆ ಅವರು ಬೆನ್ನಿನ ಎಡಗಡೆ, ಕೊನೆಯ ಪಕ್ಕೆಲುಬಿನ ಕೆಳಗೆ, ಮುಷ್ಟಿಯಿಂದ ಮೆಲ್ಲಗೆ ತಟ್ಟಿದರು. ನಾನು ಹಾರಿಬಿದ್ದೆ.

"ನೋವು ಎಲ್ಲಿಂದ ಎಲ್ಲಿಗೆ ಹೋಗುತ್ತೆ? ಬೆರಳಲ್ಲಿ ತೋರಿಸಿ."

ಪಕ್ಕೆಯಿಂದ ಶುರು ಮಾಡಿ, ಹೊಟ್ಟೆಯ ಬದಿಯಲ್ಲಿ ಇಳಿದು, ತೊಡೆಸಂದಿನವರೆಗೆ ಬೆರಳೆಳೆದೆ. ಇನ್ನೂ ಕೆಳಗಿನದನ್ನು ಹೇಳಲು ನಾಚಿಕೆ. ಅವರೇ ಕೇಳಿದರು, "ವೃಷಣದವರೆಗೂ ಎಳೆಯುತ್ತಾ?" ಹೌದು. ಮೂತ್ರನಾಳಕ್ಕೂ ಅಲ್ಲಿಗೂ ಸುದ್ದಿ ಒಯ್ಯುವ ನರಗಳು ಬೆನ್ನುಹುರಿಯ ಒಂದೇ ಮಟ್ಟಕ್ಕೆ ಬಂದು ಸೇರುತ್ತವೆ. ಸುದ್ದಿ ಯಾವ ಕಡೆಯದ್ದು ಅಂತ ಮಿದುಳಿಗೆ ಗೊಂದಲ. ಹೆಂಗಸರಲ್ಲಿ ಇದೇ ನೋವು ಯೋನಿಯ ಹೊರತುಟಿಗೆ ಎಳೆಯುತ್ತದೆ.

ಕಲ್ಲು ಎಲ್ಲಿದೆ ಅನ್ನುವ ವಿಳಾಸ ಆ ಬೆರಳಿನ ಗೆರೆಯಲ್ಲೇ ಒಂದಿಷ್ಟು ಸಿಗುತ್ತದೆ. ಕಿಡ್ನಿಯ ಬಾಯಲ್ಲೇ ಸಿಕ್ಕಿದ್ದರೆ ನೋವು ಹೆಚ್ಚಾಗಿ ಪಕ್ಕೆಯಲ್ಲಿ, ಬೆನ್ನಲ್ಲಿ. ಕೆಳಗಿಳಿದಷ್ಟೂ ನೋವೂ ಮುಂದಕ್ಕೆ, ಕೆಳಕ್ಕೆ ಸರಿಯುತ್ತದೆ. ಮೂತ್ರಕೋಶದ ಬಾಗಿಲಿಗೆ ಬಂದರೆ ಆಟವೇ ಬೇರೆ. ಹತ್ತು ನಿಮಿಷಕ್ಕೊಮ್ಮೆ ಮೂತ್ರಕ್ಕೆ ಅವಸರ, ಹೋದರೆ ನಾಲ್ಕು ಹನಿ, ಅದರಲ್ಲೂ ಉರಿ. ಎಷ್ಟೋ ಜನ ಇದನ್ನು ಯೂರಿನ್ ಇನ್‌ಫೆಕ್ಷನ್ ಅಂದುಕೊಂಡು ಮಾತ್ರೆ ನುಂಗುತ್ತಾ ಕೂರುತ್ತಾರೆ.

ನಾನು ಅಲ್ಲಿಯವರೆಗೂ ಅಂದುಕೊಂಡಿದ್ದು, ಚೂಪಾದ ಕಲ್ಲು ಒಳಗೆಲ್ಲ ಗೀರಿಕೊಂಡು ಹೋಗುವುದರಿಂದ ನೋವು ಬರುತ್ತದೆ ಅಂತ. ಅದಲ್ಲವಂತೆ ಮುಖ್ಯ ಕಾರಣ. ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ಮೂತ್ರನಾಳ ಸುಮಾರು 25ರಿಂದ 30 ಸೆಂಟಿಮೀಟರ್ ಉದ್ದ. ಒಳಗಿನ ಅಗಲ ಬರೀ 3-4 ಮಿಲಿಮೀಟರ್. ಅದರಲ್ಲೂ ಮೂರು ಕಡೆ ಇನ್ನಷ್ಟು ಕಿರಿದು: ಕಿಡ್ನಿಯಿಂದ ಹೊರಡುವಲ್ಲಿ, ಕಾಲಿಗೆ ಹೋಗುವ ದೊಡ್ಡ ರಕ್ತನಾಳದ ಮೇಲೆ ಹಾಯುವಲ್ಲಿ, ಮೂತ್ರಕೋಶದೊಳಗೆ ನುಗ್ಗುವಲ್ಲಿ. ಕಲ್ಲು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇವೇ ಜಾಗಗಳಲ್ಲಿ. ಕೆಳಗೆ ದಾರಿ ಮುಚ್ಚಿತು ಅಂತ ಕಿಡ್ನಿ ಕೆಲಸ ನಿಲ್ಲಿಸುವುದಿಲ್ಲ. ಮೂತ್ರ ತಯಾರಾಗುತ್ತಲೇ ಇರುತ್ತದೆ, ಹಿಂದೆ ನಿಂತು ಒತ್ತಡ ಏರುತ್ತದೆ, ಕಿಡ್ನಿಯ ಸುತ್ತಲಿನ ಪೊರೆ ಬಿಗಿಯುತ್ತದೆ. ಜೊತೆಗೆ ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕಗಳು ಹುಟ್ಟಿ, ಕಿಡ್ನಿಗೆ ರಕ್ತ ಇನ್ನಷ್ಟು ನುಗ್ಗಿ, ಮೂತ್ರವೂ ಒತ್ತಡವೂ ಮತ್ತೆ ಏರುತ್ತವೆ. ಅದಕ್ಕೇ ಆ ರಾಸಾಯನಿಕಗಳನ್ನು ತಡೆಯುವ ಡೈಕ್ಲೋಫೆನಾಕ್ ಥರದ ಇಂಜೆಕ್ಷನ್ ಈ ನೋವಿಗೆ ಅಷ್ಟು ಚೆನ್ನಾಗಿ ಹಿಡಿಯುವುದು. ಕಿಡ್ನಿ ಮೊದಲೇ ಸೋತಿರುವವರಿಗೆ ಅದೇ ಔಷಧಿ ಅಪಾಯ. ಕೇಳದೆ ನುಂಗುವ ಮಾತ್ರೆ ಅಲ್ಲ.

ಇದು ಗೊತ್ತಾದ ಮೇಲೆ ಇನ್ನೊಂದು ವಿಚಿತ್ರವೂ ಅರ್ಥವಾಯಿತು. ನೋವಿಗೂ ಕಲ್ಲಿನ ಗಾತ್ರಕ್ಕೂ ತಾಳೆಯೇ ಇಲ್ಲ. ನಾಳದಲ್ಲಿ ಸಿಕ್ಕಿದ 3 ಮಿಲಿಮೀಟರಿನ ಕಾಳು ಗಟ್ಟಿಮುಟ್ಟಾದ ಮನುಷ್ಯನನ್ನು ಅಳಿಸುತ್ತದೆ. ಕಿಡ್ನಿಯೊಳಗೆ ಜಿಂಕೆಯ ಕೊಂಬಿನ ಹಾಗೆ ಕವಲೊಡೆದು, ಒಳಗಿನ ಜಾಗವನ್ನೆಲ್ಲ ತುಂಬಿಕೊಂಡ ಕಲ್ಲು ಎಷ್ಟೋ ವರ್ಷ ಸದ್ದಿಲ್ಲದೆ ಕೂತಿರುತ್ತದೆ. ಮೂತ್ರದ ಹರಿವಿಗೆ ಅಡ್ಡ ಬರದಿದ್ದರೆ ಅದಕ್ಕೆ ಮಾತೇ ಇಲ್ಲ. ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಸಿಕ್ಕಿಬೀಳುತ್ತದೆ. ಅಷ್ಟರಲ್ಲಿ ಕಿಡ್ನಿ ಅರ್ಧ ಹೋಗಿರುವುದೂ ಉಂಟು.

ಆ ರಾತ್ರಿ ಮೊದಲು ಯೂರಿನ್ ಟೆಸ್ಟ್. ಕಣ್ಣಿಗೆ ಬಣ್ಣ ಮಾಮೂಲಾಗಿತ್ತು, ಆದರೆ ಮೈಕ್ರೋಸ್ಕೋಪಿನಲ್ಲಿ ಕೆಂಪು ರಕ್ತಕಣಗಳು ಕಂಡವು. ಹೆಚ್ಚಿನವರಲ್ಲಿ ಕಾಣುತ್ತವೆ. ಆದರೆ ಹತ್ತರಲ್ಲಿ ಒಬ್ಬರಿಗಾದರೂ ರಕ್ತ ಇರುವುದೇ ಇಲ್ಲ. ಹಾಗಾಗಿ ರಕ್ತ ಇಲ್ಲ ಅಂದಮಾತ್ರಕ್ಕೆ ಕಲ್ಲಿಲ್ಲ ಅನ್ನುವ ಹಾಗಿಲ್ಲ. ಬಿಳಿ ರಕ್ತಕಣ, ನೈಟ್ರೈಟ್ ಇದ್ದರೆ ಸೋಂಕಿನ ಅನುಮಾನ. ರಕ್ತದಲ್ಲಿ ಕ್ರಿಯಾಟಿನಿನ್ ನೋಡುವುದು ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಯಲು. ಕ್ಯಾಲ್ಸಿಯಂ, ಯೂರಿಕ್ ಆ್ಯಸಿಡ್ ನೋಡುವುದು ಕಲ್ಲಿನ ಮೂಲ ಹುಡುಕಲು.

ಆಮೇಲೆ ಅಲ್ಟ್ರಾಸೌಂಡ್. ರೇಡಿಯೇಶನ್ ಇಲ್ಲ, ಬೇಗ ಮುಗಿಯುತ್ತದೆ. ಕಿಡ್ನಿಯೊಳಗೆ ಕಲ್ಲಿದ್ದರೆ ಬೆಳ್ಳಗೆ ಹೊಳೆಯುತ್ತದೆ, ಅದರ ಹಿಂದೆ ಕಪ್ಪು ನೆರಳು ಬೀಳುತ್ತದೆ. ನನಗೆ ಅವರು ತೋರಿಸಿದ್ದು ಬೇರೆ: ಎಡ ಕಿಡ್ನಿ ಸ್ವಲ್ಪ ಊದಿಕೊಂಡಿತ್ತು. ಕಲ್ಲು ಕಾಣಲಿಲ್ಲ. ಮೂತ್ರನಾಳದ ನಡುಭಾಗ ಕರುಳಿನ ಹಿಂದೆ ಅಡಗಿರುತ್ತದೆ, ಕರುಳಿನ ಗಾಳಿಯನ್ನು ದಾಟಿ ಅಲ್ಟ್ರಾಸೌಂಡ್ ಹೋಗಲಾರದು. ಊತ ಕಂಡಿತು, ಅಂದರೆ ಕೆಳಗೆಲ್ಲೋ ಅಡ್ಡಿ ಇದೆ. ಮನೆ ಮುಂದಿನ ಮೋರಿ ತುಂಬಿ ನಿಂತರೆ ಕಟ್ಟಿಕೊಂಡಿರುವ ಜಾಗ ಕಾಣದಿದ್ದರೂ ಕಟ್ಟಿಕೊಂಡಿದೆ ಅಂತ ಗೊತ್ತಾಗುತ್ತದಲ್ವಾ, ಹಾಗೆ.

ಕೊನೆಗೆ ಸಿಟಿ ಸ್ಕ್ಯಾನ್. ಕಲ್ಲಿಗೆ ಮಾಡುವ ಸಿಟಿಯಲ್ಲಿ ಬಣ್ಣದ ಔಷಧಿ ಚುಚ್ಚುವುದಿಲ್ಲ, ಹತ್ತು ನಿಮಿಷವೂ ಬೇಡ. ಮಾಮೂಲಿ ಎಕ್ಸ್‌ರೇಯಲ್ಲಿ ಯೂರಿಕ್ ಆ್ಯಸಿಡ್ ಕಲ್ಲುಗಳು ಕಾಣುವುದೇ ಇಲ್ಲ. ಸಿಟಿಯಲ್ಲಿ ಅವೂ ಕಾಣುತ್ತವೆ. ಅದರ ಕಣ್ಣಿಗೆ ಬೀಳದ ಕಲ್ಲುಗಳು ತೀರಾ ಅಪರೂಪ. ಎಚ್‌ಐವಿಗೆ ಕೊಡುತ್ತಿದ್ದ ಇಂಡಿನಾವಿರ್ ಅನ್ನುವ ಔಷಧಿಯೇ ಹರಳುಗಟ್ಟಿ ಆಗುವ ಕಲ್ಲು ಅಂಥದ್ದೊಂದು. "ಹಾಗಾದರೆ ಮೊದಲೇ ಸಿಟಿ ಮಾಡಬಹುದಿತ್ತಲ್ಲ" ಅಂತ ನಾನು ಗೊಣಗಿದೆ. ನೋವಿನಲ್ಲಿರುವವನ ಗೊಣಗಾಟ. ಅವರು ಮಾಡಿದ್ದೇ ಸರಿ. ಅಮೆರಿಕದ 15 ಆಸ್ಪತ್ರೆಗಳ ಎಮರ್ಜೆನ್ಸಿ ವಿಭಾಗಗಳಲ್ಲಿ 2,759 ಜನರ ಮೇಲೆ ಇದನ್ನೇ ಪರೀಕ್ಷಿಸಿ ನೋಡಿದ ಅಧ್ಯಯನ 2014ರಲ್ಲಿ ಬಂದಿದೆ. ಮೊದಲು ಅಲ್ಟ್ರಾಸೌಂಡ್ ಮಾಡಿ, ಬೇಕಾದರೆ ಮಾತ್ರ ಸಿಟಿಗೆ ಹೋದವರಿಗೆ ಯಾವ ಹಾನಿಯೂ ಹೆಚ್ಚಾಗಲಿಲ್ಲ, ರೇಡಿಯೇಶನ್ ಮಾತ್ರ ಕಡಿಮೆಯಾಯಿತು. ಮಕ್ಕಳಿಗೆ, ಬಸುರಿಯರಿಗೆ ಅಲ್ಟ್ರಾಸೌಂಡೇ ಮೊದಲು. ಪದೇ ಪದೇ ಕಲ್ಲಾಗುವವರಿಗೂ ಈ ಲೆಕ್ಕ ಮುಖ್ಯ. ಪ್ರತಿ ನೋವಿಗೂ ಒಂದೊಂದು ಸಿಟಿ ಅಂದರೆ ಜೀವಮಾನದಲ್ಲಿ ಎಷ್ಟಾಯಿತು?

ಪಕ್ಕೆ ನೋವೆಲ್ಲ ಕಲ್ಲೂ ಅಲ್ಲ. ಅರವತ್ತು ದಾಟಿದವರಿಗೆ ಜೀವನದಲ್ಲಿ ಮೊದಲ ಸಲ ಇಂಥ ನೋವು ಬಂದರೆ ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿ ಸೋರುತ್ತಿರಬಹುದು ಅಂತ ಡಾಕ್ಟರು ಮೊದಲು ಯೋಚಿಸುತ್ತಾರೆ. ಹೆಂಗಸರಲ್ಲಿ ಗರ್ಭಕೋಶದ ಹೊರಗೆ ನಿಂತ ಬಸಿರು, ತಿರುಚಿಕೊಂಡ ಅಂಡಾಶಯ. ಬಲಗಡೆಯಾದರೆ ಅಪೆಂಡಿಕ್ಸ್, ಪಿತ್ತಕೋಶ. ಸರ್ಪಸುತ್ತಿನ ನೋವೂ ಗುಳ್ಳೆ ಏಳುವ ಮೊದಲು ಹೀಗೇ ಕಾಡಬಹುದು. ನನ್ನ ಹಾಗೆ ರೋಗದ ಹೆಸರನ್ನು ಮನೆಯಿಂದಲೇ ತೆಗೆದುಕೊಂಡು ಹೋಗುವವರಿಗೆ ಇದನ್ನೆಲ್ಲ ಹೇಳಬೇಕು.

ರಿಪೋರ್ಟ್ ಬಂತು. ಎಡ ಮೂತ್ರನಾಳದ ಕೆಳಭಾಗದಲ್ಲಿ 6 ಮಿಲಿಮೀಟರ್ ಕಲ್ಲು. 5 ಮಿಲಿಮೀಟರಿಗಿಂತ ಚಿಕ್ಕವು ಮೂರರಲ್ಲಿ ಸುಮಾರು ಎರಡು ತಾವಾಗಿಯೇ ಬೀಳುತ್ತವೆ. 5ರಿಂದ 10ರ ನಡುವಿನವು ಹೆಚ್ಚುಕಡಿಮೆ ಅರ್ಧ. ನನ್ನದು ನಾಣ್ಯ ಚಿಮ್ಮಿದ ಹಾಗೆ. ನೋವಿನ ಮಾತ್ರೆ, ನಾಳದ ಬಿಗಿ ಸಡಿಲಿಸುವ ಮಾತ್ರೆ, ಜೊತೆಗೆ ಒಂದು ಸಣ್ಣ ಜರಡಿ ಕೊಟ್ಟು ಮನೆಗೆ ಕಳಿಸಿದರು. ಪ್ರತಿ ಸಲವೂ ಮೂತ್ರವನ್ನು ಸೋಸಿ ಕಲ್ಲು ಹಿಡಿಯಬೇಕು. ನಾಲ್ಕು ವಾರಕ್ಕೆ ಮತ್ತೆ ಸ್ಕ್ಯಾನ್.

ಹೊರಡುವಾಗ ಆ ಡಾಕ್ಟರ್ ಒಂದೇ ಮಾತನ್ನು ಎರಡು ಸಲ ಹೇಳಿದರು. "ಚಳಿ ಜ್ವರ ಬಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ." ಕಲ್ಲಿನ ಹಿಂದೆ ನಿಂತ ಮೂತ್ರಕ್ಕೆ ಸೋಂಕು ತಗುಲಿದರೆ ಅದು ಕಟ್ಟಿಕೊಂಡ ಕೀವಿನ ಹಾಗೆ. ಒತ್ತಡಕ್ಕೆ ರೋಗಾಣುಗಳು ಸೀದಾ ರಕ್ತಕ್ಕೆ ನುಗ್ಗುತ್ತವೆ. ಆಗ ಬರೀ ಆ್ಯಂಟಿಬಯಾಟಿಕ್ ಸಾಲದು, ತಕ್ಷಣ ಟ್ಯೂಬ್ ಹಾಕಿ ಮೂತ್ರ ಹೊರಬಿಡಬೇಕು, ಕಲ್ಲಿನ ವಿಷಯ ಆಮೇಲೆ. ಕಲ್ಲು ಜೀವ ತೆಗೆಯುವುದಿದ್ದರೆ ಹೆಚ್ಚಾಗಿ ಹೀಗೇ. ಮೂತ್ರ ಪೂರ್ತಿ ನಿಂತರೂ, ಇರುವುದೇ ಒಂದು ಕಿಡ್ನಿ ಆಗಿದ್ದರೂ, ನೀರು ಕೂಡ ನಿಲ್ಲದ ವಾಂತಿಯಾದರೂ ಕಾಯುವ ಹಾಗಿಲ್ಲ. ನನಗೆ ಇದ್ಯಾವುದೂ ಆಗಲಿಲ್ಲ. ನನಗಾದದ್ದು ಬೇರೆ.

ಮೂರನೇ ದಿನಕ್ಕೆ ನೋವು ನಿಂತಿತು. ನಾಲ್ಕನೇ ದಿನವೂ ಇಲ್ಲ. ಐದನೇ ದಿನ ಜರಡಿಯನ್ನು ಬಚ್ಚಲುಮನೆಯ ಮೂಲೆಗಿಟ್ಟೆ. ಬಿದ್ದುಹೋಗಿರಬೇಕು, ರಾತ್ರಿ ನಿದ್ದೆಗಣ್ಣಲ್ಲಿ ನಾನು ಗಮನಿಸಿಲ್ಲ ಅಷ್ಟೇ. ಎರಡನೇ ವಾರಕ್ಕೆ ಸಿಕ್ಕವರಿಗೆಲ್ಲ ನನ್ನ ವೀರಗಾಥೆ ಹೇಳುತ್ತಿದ್ದೆ. ನಾಲ್ಕನೇ ವಾರ ಸ್ಕ್ಯಾನ್ ದಿನ ಬಂದಾಗ, "ಸುಮ್ನೆ ಯಾಕೆ? ಚೆನ್ನಾಗೇ ಇದೀನಲ್ಲ" ಅಂದೆ.

"ಚೆನ್ನಾಗಿದ್ರೆ ಚೆನ್ನಾಗಿದೆ ಅಂತ ಅವರೇ ಹೇಳ್ಲಿ ಬನ್ನಿ" ಅಂದಳು ಹೆಂಡತಿ.

ಕಲ್ಲು ಅಲ್ಲೇ ಇತ್ತು. ಎರಡು ಸೆಂಟಿಮೀಟರ್ ಕೆಳಗಿಳಿದಿತ್ತು ಅಷ್ಟೇ. ಕಿಡ್ನಿಯ ಊತ ಮೊದಲಿಗಿಂತ ಜಾಸ್ತಿ. ಮೂತ್ರದ ಕಾಯಿಲೆಗಳ ತಜ್ಞರಾದ ಯೂರಾಲಜಿಸ್ಟ್ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು: "ಕಲ್ಲು ಬಿದ್ದಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?"

ನೋಡಿರಲಿಲ್ಲ. ನೋವು ನಿಂತಿದ್ದನ್ನು ನೋಡಿದ್ದೆ.

ದಾರಿ ಮುಚ್ಚಿದ ಮೊದಲ ಕೆಲವು ಗಂಟೆ ಒತ್ತಡ ಏರಿ ನೋವು ಕೊಲ್ಲುತ್ತದೆ. ಆಮೇಲೆ ಕಿಡ್ನಿ ತನ್ನ ಉಳಿವಿಗೆ ತಾನೇ ಒಂದು ಉಪಾಯ ಮಾಡಿಕೊಳ್ಳುತ್ತದೆ. ತನಗೆ ಬರುವ ರಕ್ತವನ್ನು ಕಡಿಮೆ ಮಾಡಿಕೊಳ್ಳುತ್ತದೆ, ಹಾಗಾಗಿ ಸೋಸುವುದೂ ಕಡಿಮೆಯಾಗುತ್ತದೆ. ನಿಂತ ಮೂತ್ರ ಒಂದಿಷ್ಟು ಹಿಂದಕ್ಕೆ ರಕ್ತನಾಳ, ದುಗ್ಧನಾಳಗಳಿಗೆ ಸೋರಿಹೋಗುತ್ತದೆ. ನಾಳವೂ ಹಿಗ್ಗಿಕೊಳ್ಳುತ್ತದೆ. ಒತ್ತಡ ಇಳಿಯಿತು, ನೋವೂ ಇಳಿಯಿತು. ಹೊರಗಿನಿಂದ ನೋಡಿದರೆ ವಾಸಿಯಾದ ಹಾಗೆ. ಒಳಗೆ ಕಿಡ್ನಿ ಮೆಲ್ಲಗೆ ಅಂಗಡಿ ಮುಚ್ಚುತ್ತಿರುತ್ತದೆ. ದಾರಿ ಪೂರ್ತಿ ಮುಚ್ಚಿದ್ದರೆ ಕೆಲವೇ ವಾರಗಳಲ್ಲಿ ವಾಪಸ್ ಬಾರದ ಹಾನಿ ಶುರುವಾಗಬಹುದು. ನನ್ನದು ಪೂರ್ತಿ ಮುಚ್ಚಿರಲಿಲ್ಲ, ಪಕ್ಕದಲ್ಲಿ ಒಂದಿಷ್ಟು ಹರಿಯುತ್ತಿತ್ತು. ಅದು ಬರೀ ಅದೃಷ್ಟ.

ಆ ವಾರವೇ ಅರಿವಳಿಕೆ ಕೊಟ್ಟು, ಮೂತ್ರದ ದಾರಿಯಲ್ಲೇ ತೆಳುವಾದ ದುರ್ಬೀನು ತೂರಿಸಿ, ಲೇಸರ್‌ನಿಂದ ಒಡೆದು ತೆಗೆದರು. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ, ನಾನು ನಿದ್ದೆಯಲ್ಲಿದ್ದೆ. ಆಮೇಲೆ ಮೂತ್ರನಾಳ ಮುಚ್ಚಿಕೊಳ್ಳದಿರಲಿ ಅಂತ ಎರಡು ವಾರ ಒಳಗಿಟ್ಟಿದ್ದ ಸ್ಟೆಂಟ್ ಅನ್ನುವ ತೆಳು ಕೊಳವೆಯ ಬಗ್ಗೆ ಬೇಕಾದರೆ ಇನ್ನೊಂದು ಬ್ಲಾಗ್ ಬರೆಯುವಷ್ಟು ಸಿಟ್ಟಿದೆ.

ಚೂರುಗಳನ್ನು ಲ್ಯಾಬಿಗೆ ಕಳಿಸಿದರು. ಇದನ್ನು ಎಷ್ಟೋ ಜನ ಮಾಡಿಸುವುದಿಲ್ಲ. ಕಲ್ಲನ್ನು ಡಬ್ಬಿಯಲ್ಲಿಟ್ಟು ಬಂದವರಿಗೆ ತೋರಿಸುತ್ತಾರೆ, ಇಲ್ಲವೇ ಎಸೆಯುತ್ತಾರೆ. ಆದರೆ ಯಾಕಾಯಿತು ಅನ್ನುವುದಕ್ಕೆ ಕಲ್ಲಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ರಸಾಯನಶಾಸ್ತ್ರಕ್ಕೂ ಇದು ಹಳೆಯ ಸಾಕ್ಷಿಯೇ. 1776ರಲ್ಲಿ ಕಾರ್ಲ್ ವಿಲ್ಹೆಲ್ಮ್ ಷೀಲೆ ಯೂರಿಕ್ ಆ್ಯಸಿಡನ್ನು ಕಂಡುಹಿಡಿದದ್ದು ಮೂತ್ರಕೋಶದ ಕಲ್ಲಿನಿಂದ. 1810ರಲ್ಲಿ ವಿಲಿಯಂ ಹೈಡ್ ವೊಲಾಸ್ಟನ್ ಇನ್ನೊಂದು ಅಪರೂಪದ ಕಲ್ಲಿನಲ್ಲಿ ಹೊಸ ವಸ್ತುವೊಂದನ್ನು ಕಂಡ. ಅದೇ ಮುಂದೆ ಸಿಸ್ಟೀನ್ ಅಂತಾಯಿತು. ಜಗತ್ತಿಗೆ ಪರಿಚಯವಾದ ಮೊದಮೊದಲ ಅಮೈನೊ ಆ್ಯಸಿಡ್‌ಗಳಲ್ಲಿ ಒಂದು ಯಾರದೋ ಮೂತ್ರಕೋಶದಿಂದ ಬಂತು ಅನ್ನುವುದು ನನಗೆ ಯಾಕೋ ಬಹಳ ಇಷ್ಟವಾದ ವಿಷಯ.

ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂನವು, ಅದರಲ್ಲೂ ಕ್ಯಾಲ್ಸಿಯಂಗೆ ಆಕ್ಸಲೇಟ್ ಅನ್ನುವ ವಸ್ತು ಸೇರಿ ಆಗುವ ಕ್ಯಾಲ್ಸಿಯಂ ಆಕ್ಸಲೇಟ್. ನನ್ನದೂ ಅದೇ. ಮೂತ್ರ ಸದಾ ಹುಳಿಯಾಗಿರುವವರಿಗೆ, ಅಂದರೆ ಪಿಎಚ್ 5.5ಕ್ಕಿಂತ ಕೆಳಗಿರುವವರಿಗೆ, ಯೂರಿಕ್ ಆ್ಯಸಿಡ್ ಕಲ್ಲಾಗುತ್ತದೆ. ಬೊಜ್ಜು, ಸಕ್ಕರೆ ಕಾಯಿಲೆ, ಗೌಟ್ ಇರುವವರಲ್ಲಿ ಇದು ಜಾಸ್ತಿ. ಔಷಧಿ ಕುಡಿದು ಕರಗಿಸಬಹುದಾದ ಕಲ್ಲು ಅಂದರೆ ಮುಖ್ಯವಾಗಿ ಇದೇ. ಮೂತ್ರದ ಹುಳಿ ಇಳಿಸಿದರೆ ಕರಗುತ್ತದೆ. ಕ್ಯಾಲ್ಸಿಯಂ ಆಕ್ಸಲೇಟನ್ನು ಕರಗಿಸುವ ಕಷಾಯ ನನಗೂ ಬಹಳ ಜನ ಹೇಳಿದರು. ಅದು ಯಾವ ಕಷಾಯಕ್ಕೂ ಕರಗುವ ಜಾತಿಯಲ್ಲ. "ನನಗೆ ಕರಗಿತು" ಅನ್ನುವವರ ಕಲ್ಲು ತಾನಾಗಿ ಬಿದ್ದಿರುತ್ತದೆ, ಇಲ್ಲವೇ ನನ್ನ ಹಾಗೆ ನೋವು ನಿಂತಿರುತ್ತದೆ. ಪ್ರೋಟಿಯಸ್ ಥರದ ಕೆಲವು ಬ್ಯಾಕ್ಟೀರಿಯಾ ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಆಗ ಆಗುವುದು ಸ್ಟ್ರೂವೈಟ್ ಕಲ್ಲು. ಮೊದಲು ಹೇಳಿದ ಜಿಂಕೆ ಕೊಂಬು ಹೆಚ್ಚಾಗಿ ಇದೇ. ಸಿಸ್ಟೀನ್ ಕಲ್ಲು ವಂಶದಿಂದ ಬರುವಂಥದ್ದು. ಮೈಕ್ರೋಸ್ಕೋಪಿನಲ್ಲಿ ಅದರ ಹರಳಿಗೆ ಅಚ್ಚುಕಟ್ಟಾದ ಆರು ಮೂಲೆ.

ಇಷ್ಟಕ್ಕೂ ಕಲ್ಲು ಹುಟ್ಟುವುದು ಹೇಗೆ? ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ವಾಪಸ್ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಹೊರಗೆ ಬಿಡುತ್ತವೆ. ಬೇಡದ್ದೆಲ್ಲ ಅಷ್ಟರಲ್ಲೇ ಕರಗಿರಬೇಕು. ಲೋಟದ ನೀರಿಗೆ ಸಕ್ಕರೆ ಹಾಕುತ್ತಾ ಹೋದರೆ ಒಂದು ಹಂತದ ಮೇಲೆ ತಳದಲ್ಲಿ ಉಳಿಯುತ್ತದಲ್ಲ, ಮೂತ್ರ ಆ ಹಂತವನ್ನು ದಿನವೂ ದಾಟುತ್ತಿರುತ್ತದೆ. ಆದರೂ ಎಲ್ಲರಿಗೂ ಕಲ್ಲಾಗುವುದಿಲ್ಲ. ಸಿಟ್ರೇಟ್ ಥರದ ಕೆಲವು ವಸ್ತುಗಳು ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಹರಳಾಗದಂತೆ ತಡೆಯುತ್ತವೆ. ಹುಟ್ಟಿದ ಹರಳೂ ಹೆಚ್ಚಾಗಿ ಮೂತ್ರದ ಜೊತೆ ಕೊಚ್ಚಿಕೊಂಡು ಹೋಗುತ್ತದೆ. ಬೆಳೆಯಬೇಕಾದರೆ ಅದಕ್ಕೆ ಕಚ್ಚಿಕೊಳ್ಳಲು ಒಂದು ಜಾಗ ಬೇಕು. ಆ ಜಾಗವನ್ನು 1937ರಲ್ಲಿ ಅಲೆಕ್ಸಾಂಡರ್ ರಾಂಡಲ್ ಅನ್ನುವ ಅಮೆರಿಕದ ವೈದ್ಯ ವಿವರಿಸಿದ. ಕಿಡ್ನಿಯೊಳಗೆ ಮೂತ್ರ ತೊಟ್ಟಿಕ್ಕುವ ತುದಿಗಳ ಮೇಲೆ ಕ್ಯಾಲ್ಸಿಯಂ ಫಾಸ್ಫೇಟಿನ ಬಿಳಿ ಮಚ್ಚೆಗಳಿರುತ್ತವೆ. ಅವುಗಳಿಗೆ ಅಂಟಿಕೊಂಡು, ಪದರದ ಮೇಲೆ ಪದರವಾಗಿ ಆಕ್ಸಲೇಟ್ ಕೂರುತ್ತದೆ. ಒಂದು ದಿನ ಕಳಚಿಕೊಂಡು ಹೊರಡುತ್ತದೆ. ಬೆಳಗಿನ ಜಾವ ಮೂರೂವರೆಗೆ ನನಗೆ ಎಚ್ಚರವಾದದ್ದು ಆಗ. ಅದಕ್ಕೆ ಮುಂಚೆ ಎಷ್ಟು ವರ್ಷ ನನ್ನೊಳಗೆ ಬೆಳೆಯುತ್ತಿತ್ತೋ.

ಕ್ಯಾಲ್ಸಿಯಂ ಕಲ್ಲು ಅಂತ ಕೇಳಿದ ದಿನವೇ ನಾನು ಹಾಲು, ಮೊಸರು ಬಿಟ್ಟಿದ್ದೆ. ಯಾರೂ ಹೇಳಿರಲಿಲ್ಲ, ನನ್ನದೇ ಬುದ್ಧಿವಂತಿಕೆ. ಡಾಕ್ಟರುಗಳೂ ಬಹಳ ಕಾಲ ಹೀಗೇ ಹೇಳುತ್ತಿದ್ದರು. ಆದರೆ 1993ರಲ್ಲಿ 45 ಸಾವಿರಕ್ಕೂ ಹೆಚ್ಚು ಗಂಡಸರ ಲೆಕ್ಕ ನೋಡಿದಾಗ, ಊಟದಲ್ಲಿ ಕ್ಯಾಲ್ಸಿಯಂ ಜಾಸ್ತಿ ತೆಗೆದುಕೊಂಡವರಿಗೇ ಕಲ್ಲು ಕಡಿಮೆ ಅಂತ ತಿಳಿಯಿತು. 2002ರಲ್ಲಿ ಇಟಲಿಯ ಅಧ್ಯಯನವೊಂದು ಬಂತು. ಪದೇ ಪದೇ ಕಲ್ಲಾಗುತ್ತಿದ್ದ 120 ಗಂಡಸರು, ಐದು ವರ್ಷ. ಅರ್ಧ ಜನರಿಗೆ ಕ್ಯಾಲ್ಸಿಯಂ ಕಡಿಮೆ. ಉಳಿದವರಿಗೆ ಕ್ಯಾಲ್ಸಿಯಂ ಮಾಮೂಲು, ಉಪ್ಪು ಮತ್ತು ಮಾಂಸ ಕಡಿಮೆ. ಕ್ಯಾಲ್ಸಿಯಂ ಕಡಿಮೆ ಮಾಡಿದ 60ರಲ್ಲಿ 23 ಜನರಿಗೆ ಮತ್ತೆ ಕಲ್ಲಾಯಿತು. ಇನ್ನೊಂದು ಗುಂಪಿನ 60ರಲ್ಲಿ 12. ಕಾರಣ ಸರಳ. ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಸಾಗಿಸುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಆಕ್ಸಲೇಟ್ ತಡೆಯಿಲ್ಲದೆ ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ. ಪಾಲಕ್, ಬೀಟ್‌ರೂಟ್, ಬಾದಾಮಿಯಲ್ಲಿ ಆಕ್ಸಲೇಟ್ ಜಾಸ್ತಿ. ಪ್ರಮಾಣ ಮೀರಿ ನುಂಗುವ ವಿಟಮಿನ್ ಸಿ ಮಾತ್ರೆಯೂ ದೇಹದಲ್ಲಿ ಒಂದಿಷ್ಟು ಆಕ್ಸಲೇಟ್ ಆಗುತ್ತದೆ. ಆದರೆ ಹೆಚ್ಚಿನವರ ಕಣ್ತಪ್ಪುವುದು ಉಪ್ಪು. ಕಿಡ್ನಿ ಉಪ್ಪನ್ನು ಹೊರಹಾಕುವಾಗ ಕ್ಯಾಲ್ಸಿಯಂ ಕೂಡ ಅದರ ಬೆನ್ನು ಹಿಡಿದು ಹೊರಡುತ್ತದೆ. ಮಾಂಸ ಜಾಸ್ತಿಯಾದರೆ ಮೂತ್ರದ ಹುಳಿ ಏರುತ್ತದೆ, ಕಾಯುವ ಸಿಟ್ರೇಟ್ ಇಳಿಯುತ್ತದೆ.

ಊಟದ ಆಚೆಗೂ ಕಾರಣಗಳಿವೆ. ಮನೆತನದಲ್ಲಿ ಇದ್ದರೆ ಅಪಾಯ ಹೆಚ್ಚು. ಕರುಳಿನ ಕಾಯಿಲೆ, ತೂಕ ಇಳಿಸಲು ಮಾಡುವ ಬೈಪಾಸ್ ಆಪರೇಷನ್ ಆದವರಿಗೆ ಆಕ್ಸಲೇಟ್ ಹೀರಿಕೆ ಜಾಸ್ತಿ. ಹಾಸಿಗೆ ಹಿಡಿದವರಿಗೂ, ತೂಕವಿಲ್ಲದೆ ತೇಲುವ ಗಗನಯಾತ್ರಿಗಳಿಗೂ ಒಂದೇ ತೊಂದರೆ: ಭಾರ ಹೊರದ ಮೂಳೆ ಕ್ಯಾಲ್ಸಿಯಂ ಬಿಟ್ಟುಕೊಡುತ್ತದೆ, ಅದು ಮೂತ್ರಕ್ಕೆ ಬರುತ್ತದೆ. ರಕ್ತದ ಕ್ಯಾಲ್ಸಿಯಂ ಏರಿದ್ದರೆ ಅದರ ಮಟ್ಟ ನೋಡಿಕೊಳ್ಳುವ, ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಯನ್ನು ಅನುಮಾನಿಸಬೇಕು. ಅದು ಸಿಕ್ಕಿದರೆ ಭಾಗ್ಯವೇ, ಗ್ರಂಥಿಯನ್ನು ತೆಗೆದರೆ ಕಲ್ಲಿನ ಮೂಲವೇ ಹೋಗುತ್ತದೆ. ನನ್ನ ರಕ್ತದಲ್ಲಿ ಎಲ್ಲ ಸರಿಯಿತ್ತು.

ಉಳಿದದ್ದು 24 ಗಂಟೆಯ ಮೂತ್ರ ಪರೀಕ್ಷೆ. ದೊಡ್ಡದೊಂದು ಕ್ಯಾನ್ ಕೊಡುತ್ತಾರೆ. ಬೆಳಗಿನ ಮೊದಲನೆಯದನ್ನು ಬಿಟ್ಟು, ಮರುದಿನ ಬೆಳಗಿನ ಮೊದಲನೆಯದರವರೆಗೆ ಒಂದು ಹನಿಯನ್ನೂ ಬಿಡದೆ ಅದರಲ್ಲೇ ಹಿಡಿಯಬೇಕು. ರಜೆಯ ದಿನ ಮಾಡಿ, ಆದರೆ ಮಾಮೂಲಿನಂತೆ ತಿಂದು ಕುಡಿಯಿರಿ ಅಂದಿದ್ದರು. ಅದರಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್, ಸಿಟ್ರೇಟ್, ಯೂರಿಕ್ ಆ್ಯಸಿಡ್, ಸೋಡಿಯಂ ಎಲ್ಲ ಅಳೆಯುತ್ತಾರೆ. ನಾನು ದೊಡ್ಡ ರಹಸ್ಯ ಬಯಲಾಗುತ್ತದೆ ಅಂತ ಕಾದಿದ್ದೆ. ರಿಪೋರ್ಟಿನ ಮೊದಲ ಸಾಲಿನಲ್ಲೇ ಉತ್ತರ ಇತ್ತು: ಒಟ್ಟು ಮೂತ್ರ, 900 ಮಿಲಿಲೀಟರ್.

"ನೀರು ಚೆನ್ನಾಗಿ ಕುಡಿತೀನಿ ಅಂದಿದ್ರಲ್ಲ?" ಅಂದರು ಯೂರಾಲಜಿಸ್ಟ್.

ಕುಡಿಯುತ್ತೇನೆ ಅಂತಲೇ ನಂಬಿದ್ದೆ. ಮೇಜಿನ ಮೇಲೆ ಬಾಟಲಿ ಇರುತ್ತದೆ, ಸಂಜೆ ನೋಡಿದರೆ ಅರ್ಧ ಹಾಗೇ ಇರುತ್ತದೆ. ಬಾಯಾರಿಕೆಯೂ ನೋವಿನ ಹಾಗೇ, ಇಲ್ಲ ಅಂದಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲ್ಲ. ಎಷ್ಟು ಕುಡಿಯುತ್ತೀರಿ ಅನ್ನುವುದಕ್ಕಿಂತ ಎಷ್ಟು ಹೋಗುತ್ತೀರಿ ಅನ್ನುವುದೇ ಲೆಕ್ಕ, ಬೆವರಿಗೆ ಹೋದದ್ದು ಕಿಡ್ನಿಗೆ ಸಿಗುವುದಿಲ್ಲ ಅಂದರು. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಆಗಬೇಕು. ಇದಕ್ಕೂ ಇಟಲಿಯದ್ದೇ ಒಂದು ಅಧ್ಯಯನವಿದೆ, 1996ರದ್ದು. ಮೊದಲ ಸಲ ಕ್ಯಾಲ್ಸಿಯಂ ಕಲ್ಲಾದವರಲ್ಲಿ ನೀರು ಹೆಚ್ಚಿಸಿ ಎರಡು ಲೀಟರ್ ಮೂತ್ರ ಮಾಡಿಕೊಂಡವರಿಗೆ ಐದು ವರ್ಷದಲ್ಲಿ ಶೇ. 12ರಷ್ಟು ಜನರಿಗೆ ಕಲ್ಲು ಮರಳಿತು. ಮೊದಲಿನ ಹಾಗೇ ಇದ್ದವರಲ್ಲಿ ಶೇ. 27. ನೀರಿಗೆ ಇದಕ್ಕಿಂತ ಹೆಚ್ಚಿನ ಶಿಫಾರಸು ಬೇಕಾ? (ಹೃದಯ ಅಥವಾ ಕಿಡ್ನಿ ಸೋತಿದೆ ಅಂತ ನೀರಿಗೆ ಮಿತಿ ಹಾಕಿಸಿಕೊಂಡವರು ನನ್ನ ಮಾತು ಕೇಳಬೇಡಿ, ನಿಮ್ಮ ಡಾಕ್ಟರ ಮಾತು ಕೇಳಿ.)

ಈಗ ಹಾಲು, ಮೊಸರು ವಾಪಸ್ ಬಂದಿವೆ. ಉಪ್ಪು ಇಳಿದಿದೆ. ರಾತ್ರಿ ಮಲಗುವ ಮುಂಚೆಯೂ ಒಂದು ದೊಡ್ಡ ಲೋಟ ನೀರು. ಮಧ್ಯರಾತ್ರಿ ಒಮ್ಮೆ ಏಳಬೇಕಾಗುತ್ತದೆ, ಆ ಹೊತ್ತಿಗೇ ಮೂತ್ರ ಅತಿ ಗಟ್ಟಿಯಾಗುವುದರಿಂದ ಏಳುವುದೇ ಒಳ್ಳೆಯದು ಅಂತ ಸಮಾಧಾನ ಮಾಡಿಕೊಂಡಿದ್ದೇನೆ. ಕಳೆದ ತಿಂಗಳು ಅಲ್ಟ್ರಾಸೌಂಡ್ ಆಯಿತು. ಎಡಗಡೆ ಊತ ಪೂರ್ತಿ ಇಳಿದಿದೆ. ಬಲ ಕಿಡ್ನಿಯ ಕೆಳಗಿನ ಮೂಲೆಯಲ್ಲಿ 3 ಮಿಲಿಮೀಟರಿನದ್ದು ಒಂದು ಕೂತಿದೆಯಂತೆ. ನೋವೇನೂ ಇಲ್ಲ. ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಅಂತ ಬರೆದುಕೊಟ್ಟರು. ನಾನು ಚೀಟಿ ಮಡಚಿ ಜೇಬಿಗಿಡುವ ಮೊದಲೇ ಹೆಂಡತಿ ಅದನ್ನು ತೆಗೆದುಕೊಂಡು ತನ್ನ ಫೋನಿನಲ್ಲಿ ತಾರೀಖು ಹಾಕಿಕೊಂಡಳು.